ಶೀರ್ಷಿಕೆಗೊಂದು ಕೀಲಿ, ಪಟ್ಟಿಗೊಂದು ಕೀಲಿ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರಿನ ಬಗ್ಗೆ ಎರಡು ಮಾತು ಹೇಳಬೇಕೆಂದು ಸಮಿತಿಯವರು ಕೇಳಿಕೊಂಡಿದ್ದಾರೆ. ಕಂಪ್ಯೂಟರ್ ಎಂದರೆ ಸಮುದ್ರ. ಅದರಲ್ಲಿ ಒಂದು ಬೊಗಸೆ ನೀರನ್ನಷ್ಟೇ ಇಲ್ಲಿಗೆ ತಂದಿದ್ದೇನೆ. ನಾವು ಬರಹ ಟೈಪು ಮಾಡುವಾಗ "ಇದು ಶೀರ್ಷಿಕೆ", "ಇದು ಪಟ್ಟಿಯ ಒಂದು ಅಂಶ" ಎಂದು ಕಂಪ್ಯೂಟರಿಗೆ ಹೇಳಲು ಯಾವ ಕೀಲಿ ಒತ್ತಬೇಕು, ಆ ಕೀಲಿಯನ್ನು ಆರಿಸುವುದು ಹೇಗೆ ಎಂಬುದೇ ಇವತ್ತಿನ ವಿಷಯ. ಇಷ್ಟು ಸಣ್ಣ ಸಂಗತಿಗೆ ಭಾಷಣ ಬೇಕೇ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ಯಂತ್ರವನ್ನು ಮಾಡಿದವರು ಕನ್ನಡ ಬರೆಯುವವರನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂಬ ದೊಡ್ಡ ಪ್ರಶ್ನೆ ಈ ಸಣ್ಣ ಸಂಗತಿಯೊಳಗೇ ಇದೆ.

ಸೊಸೈಟಿಯ ಮಹಾಸಭೆಯ ನೋಟೀಸನ್ನು ನೆನಪಿಸಿಕೊಳ್ಳಿ. ಮೇಲೆ ದಪ್ಪ ಅಕ್ಷರದಲ್ಲಿ ಸೊಸೈಟಿಯ ಹೆಸರು, ಅದರ ಕೆಳಗೆ "ಸಭೆಯ ಕಾರ್ಯಸೂಚಿ", ಆಮೇಲೆ 1, 2, 3 ಎಂದು ವಿಷಯಗಳು. ಹಾಳೆಯನ್ನು ಕೈಗೆ ತೆಗೆದುಕೊಂಡ ಕೂಡಲೇ ಶೀರ್ಷಿಕೆ ಯಾವುದು, ಪಟ್ಟಿ ಯಾವುದು ಎಂದು ನಮ್ಮ ಕಣ್ಣಿಗೆ ಗೊತ್ತಾಗುತ್ತದೆ. ಕಂಪ್ಯೂಟರಿಗೆ ಹಾಗೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಹೀಗೆ: ಸಾಲನ್ನು ಮೌಸಿನಿಂದ ಆರಿಸುತ್ತೇವೆ, ಅಕ್ಷರ ದೊಡ್ಡದು ಮಾಡುತ್ತೇವೆ, ದಪ್ಪ ಮಾಡುತ್ತೇವೆ, ನಡುವಿಗೆ ತರುತ್ತೇವೆ. ನಮಗೆ ಅದು ಶೀರ್ಷಿಕೆ, ಯಂತ್ರಕ್ಕೆ ಸ್ವಲ್ಪ ದೊಡ್ಡ ಅಕ್ಷರದ ಒಂದು ಸಾಲು ಮಾತ್ರ.

ಇದು ಟೈಪ್‌ರೈಟರ್ ಕಾಲದಿಂದ ಬಂದ ಅಭ್ಯಾಸ. ಆ ಯಂತ್ರದಲ್ಲಿ ಅಕ್ಷರ ದೊಡ್ಡದು ಮಾಡುವ ಉಪಾಯವಿರಲಿಲ್ಲ. ಶೀರ್ಷಿಕೆ ನಡುವಿಗೆ ಬರಬೇಕಾದರೆ ಅಕ್ಷರಗಳನ್ನು ಎಣಿಸಿ, ಅದರ ಅರ್ಧದಷ್ಟು ಹಿಂದಕ್ಕೆ ಹೋಗಿ ಅಲ್ಲಿಂದ ಹೊಡೆಯಬೇಕಿತ್ತು. ಆಮೇಲೆ ಅಡಿಗೆರೆ. ಪಟ್ಟಿಯ ಕಂಬಸಾಲುಗಳು ನೇರ ನಿಲ್ಲಲು ಟ್ಯಾಬ್ ಕೀಲಿ ಇತ್ತು. ಇಂದಿಗೂ ಕಂಪ್ಯೂಟರಿನ ಎಡಬದಿಯಲ್ಲಿ ಕುಳಿತಿರುವುದು ಅದೇ ಟ್ಯಾಬ್. ಆಗ ಹಾಳೆಯ ಮೇಲಿನ ರೂಪವೇ ಎಲ್ಲವೂ ಆಗಿತ್ತು. ಈಗ ಬರಹ ಹಾಳೆಯಲ್ಲಿ ನಿಲ್ಲುವುದಿಲ್ಲ, ಫೋನಿಗೆ ಹೋಗುತ್ತದೆ, ದೊಡ್ಡ ಪರದೆಗೆ ಹೋಗುತ್ತದೆ, ಧ್ವನಿಯಾಗಿಯೂ ಹೋಗುತ್ತದೆ. ಹೋದಲ್ಲೆಲ್ಲ ರೂಪ ಬದಲಾಗಬಹುದು. ಆದರೆ "ಇದು ಶೀರ್ಷಿಕೆ" ಎಂಬ ಗುರುತು ಉಳಿಯಬೇಕು.

ಅದಕ್ಕಾಗಿಯೇ ಹೆಚ್ಚಿನ ಎಡಿಟರುಗಳಲ್ಲಿ ಶೀರ್ಷಿಕೆಯ ಗುರುತು ಬೇರೆಯೇ ಇದೆ. ಒಂದನೆಯ ಹಂತದ ಶೀರ್ಷಿಕೆ, ಎರಡನೆಯ ಹಂತದ್ದು ಎಂದು ನಾವು ಹೇಳಿದರೆ ಸಾಕು, ಉಳಿದ ಕೆಲಸ ಅದು ಮಾಡುತ್ತದೆ. ಇದರ ಪ್ರಯೋಜನ ನಮ್ಮ ಸ್ಮರಣ ಸಂಚಿಕೆಯಲ್ಲೇ ಕಾಣುತ್ತದೆ. ಹತ್ತಾರು ಲೇಖನಗಳಿಗೆ ಸರಿಯಾದ ಗುರುತು ಹಾಕಿದ್ದರೆ ಪರಿವಿಡಿ ತಾನಾಗಿಯೇ ತಯಾರಾಗುತ್ತದೆ. ಕೊನೆಯ ಗಳಿಗೆಯಲ್ಲಿ ಒಬ್ಬರ ಲೇಖನ ಬಂದು ಮೂರು ಪುಟ ಹೆಚ್ಚಾದರೂ ಪುಟಸಂಖ್ಯೆಗಳು ಒಂದು ಅಪ್ಪಣೆಯಲ್ಲಿ ಸರಿಹೋಗುತ್ತವೆ. ಎಲ್ಲ ಶೀರ್ಷಿಕೆಗಳ ಅಕ್ಷರ ಬದಲಿಸಬೇಕೆಂದರೆ ಒಂದೇ ಕಡೆ ಬದಲಿಸಿದರಾಯಿತು.

ಇದಕ್ಕಿಂತ ದೊಡ್ಡ ಪ್ರಯೋಜನ ಇನ್ನೊಂದಿದೆ. ಕಣ್ಣು ಕಾಣದವರು ಕಂಪ್ಯೂಟರನ್ನು ಕಿವಿಯಿಂದ ಓದುತ್ತಾರೆ. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅದನ್ನು ಬಳಸುವವರು ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರುತ್ತಾರೆ, ಎಲ್ ಒತ್ತಿದರೆ ಮುಂದಿನ ಪಟ್ಟಿಗೆ. ನಾವು ಪುಟ ಮಗುಚುತ್ತಾ ಕಣ್ಣಾಡಿಸುತ್ತೇವಲ್ಲ, ಅದೇ ಕೆಲಸವನ್ನು ಅವರು ಈ ಕೀಲಿಗಳಿಂದ ಮಾಡುತ್ತಾರೆ. ಶೀರ್ಷಿಕೆಯನ್ನು ಬರೇ ದಪ್ಪ ಅಕ್ಷರ ಮಾಡಿ ಬಿಟ್ಟರೆ ಅವರು ಎಚ್ ಒತ್ತಿದಾಗ ಅಲ್ಲಿ ಏನೂ ಸಿಗುವುದಿಲ್ಲ. ಇನ್ನೂರು ಪುಟದ ಪುಸ್ತಕವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಕೇಳುತ್ತಾ ಕೂರಬೇಕು. ನಮ್ಮ ಒಂದು ಕೀಲಿಯ ಉದಾಸೀನ ಅವರ ಒಂದು ಸಂಜೆಯನ್ನು ನುಂಗುತ್ತದೆ.

ಹಾಗಾದರೆ ಜನ ಯಾಕೆ ಸರಿಯಾದ ಗುರುತು ಹಾಕುವುದಿಲ್ಲ? ಸೋಮಾರಿತನ ಅಲ್ಲ. ಅಕ್ಷರ ದಪ್ಪ ಮಾಡಲು ಕಂಟ್ರೋಲ್ ಒತ್ತಿ ಬಿ ಒತ್ತಿದರೆ ಮುಗಿಯಿತು, ಎಲ್ಲರಿಗೂ ಗೊತ್ತು. ಶೀರ್ಷಿಕೆ ಮಾಡಲು ಮೆನುವಿನಲ್ಲಿ ಹುಡುಕಬೇಕು. ಹತ್ತಿರದ ದಾರಿ ಇರುವಾಗ ಯಾರೂ ಸುತ್ತುಬಳಸಿ ಹೋಗುವುದಿಲ್ಲ. ನಮ್ಮ ಊರಿನಲ್ಲಿ ಶಾಲೆಗೆ ಬರುವ ಮಕ್ಕಳು ಮಾರ್ಗದಲ್ಲೇ ಬರಬೇಕೆಂದಿಲ್ಲ. ತೋಟದ ಬದಿಯಲ್ಲಿ ಇಳಿದು, ತೋಡಿನ ಸಂಕ ದಾಟಿ ಬರುವ ಒಳದಾರಿ ಇರುತ್ತದೆ. ಕೀಬೋರ್ಡ್ ಶಾರ್ಟ್‌ಕಟ್ ಎಂದರೆ ಅಂಥ ಒಳದಾರಿ. ಒಳ್ಳೆಯ ಕೆಲಸಕ್ಕೆ ಒಳದಾರಿ ಮಾಡಿಕೊಟ್ಟರೆ ಜನ ಒಳ್ಳೆಯ ಕೆಲಸವನ್ನೇ ಮಾಡುತ್ತಾರೆ. ಆದರೆ ಒಳದಾರಿ ಇನ್ನೊಬ್ಬರ ಅಂಗಳದ ನಡುವೆ ಹೋಗುವಂತಿರಬಾರದು. ಶಾರ್ಟ್‌ಕಟ್ ಆರಿಸುವವನ ನಿಜವಾದ ಕಷ್ಟ ಇಲ್ಲಿದೆ.

ಹಿಂದಿನವರು ಈ ಆಯ್ಕೆಯನ್ನು ಹೇಗೆ ಮಾಡಿದರೆಂದು ನೋಡೋಣ. ಕಟ್, ಕಾಪಿ, ಪೇಸ್ಟ್ ಕೆಲಸಕ್ಕೆ ಕಂಟ್ರೋಲಿನ ಜೊತೆಗೆ ಎಕ್ಸ್, ಸಿ, ವಿ ಒತ್ತುತ್ತೇವೆ. ಈ ಕೀಲಿಗಳ ಹಿಂದೆ ಇರುವ ಹೆಸರು ಲ್ಯಾರಿ ಟೆಸ್ಲರ್. ಆ್ಯಪಲ್ ಕಂಪೆನಿಯ 1983ರ ಲೀಸಾ ಕಂಪ್ಯೂಟರಿನಲ್ಲಿ ಇವು ನೆಲೆಯಾದವು. ಪೇಸ್ಟ್ ಎಂಬ ಪದದಲ್ಲಿ ವಿ ಅಕ್ಷರವೇ ಇಲ್ಲ ಎಂಬುದನ್ನು ಗಮನಿಸಿ. ಝಡ್, ಎಕ್ಸ್, ಸಿ, ವಿ ನಾಲ್ಕೂ ಕೆಳಗಿನ ಸಾಲಿನಲ್ಲಿ ಒಂದರ ಪಕ್ಕ ಒಂದಿವೆ, ಎಡಗೈಗೆ ಸುಲಭವಾಗಿ ಸಿಗುತ್ತವೆ. ಇಲ್ಲಿ ಹೆಸರಿಗಿಂತ ಕೈಯ ಅನುಕೂಲ ಮುಖ್ಯವಾಯಿತು.

ಎರಡನೆಯ ಉದಾಹರಣೆ ನಮ್ಮ ಜಿಲ್ಲೆಯದ್ದೇ. ಕಿನ್ನಿಕಂಬಳದಲ್ಲಿ ಹುಟ್ಟಿದ ನಾಡೋಜ ಕೆ.ಪಿ. ರಾವ್ ಅವರು ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದವರು, ಆಮೇಲೆ ಮುದ್ರಣದ ಅಕ್ಷರಗಳ ಕೆಲಸಕ್ಕೆ ಇಳಿದವರು. ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡ ಬರೆಯುವ ವಿನ್ಯಾಸವನ್ನು ಅವರು ರೂಪಿಸಿದರು. ತಾವು ಮಾಡಿದ ಕನ್ನಡ ತಂತ್ರಾಂಶಕ್ಕೆ ನಮ್ಮ ಜಿಲ್ಲೆಯ ಮಹಾಪಂಡಿತ ಸೇಡಿಯಾಪು ಕೃಷ್ಣ ಭಟ್ಟರ ಗೌರವಾರ್ಥ "ಸೇಡಿಯಾಪು" ಎಂದೇ ಹೆಸರಿಟ್ಟರು. ಕನ್ನಡ ಗಣಕ ಪರಿಷತ್ತಿನ "ನುಡಿ"ಯ ಮೂಲಕ ಸರಕಾರಿ ಕಚೇರಿಗಳಿಗೆ ತಲುಪಿದ್ದೂ ಇದೇ ವಿನ್ಯಾಸ.

ಅದರ ಜಾಣ್ಮೆಯನ್ನು ನೋಡಿ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದರೆ ಖ. ಜಿ ಒತ್ತಿದರೆ ಗ, ಶಿಫ್ಟ್ ಹಿಡಿದರೆ ಘ. ಅಲ್ಪಪ್ರಾಣಕ್ಕೆ ಸ್ವಲ್ಪ ಒತ್ತು ಕೊಟ್ಟರೆ ಮಹಾಪ್ರಾಣ, ಒಂದನೆಯ ತರಗತಿಯ ಪಾಠದ ಹಾಗೆಯೇ. ಟಿ ಕೀಲಿ ತ ಅಕ್ಷರಕ್ಕೆ ಹೋದುದರಿಂದ ಟ ಎಲ್ಲಿ? ಕನ್ನಡಕ್ಕೆ ಬೇಡವಾಗಿ ಖಾಲಿ ಕುಳಿತಿದ್ದ ಕ್ಯೂ ಕೀಲಿಗೆ ಹೋಯಿತು. ಅದರ ಪಕ್ಕದ ಡಬ್ಲ್ಯು ಕೀಲಿಗೆ ಡ. ಹಾಗೆಯೇ ಎಫ್ ಒತ್ತಕ್ಷರ ಜೋಡಿಸುವ ಕೊಂಡಿಯಾಯಿತು. ನೆನಪಿಗೆ ಎಲ್ಲಿ ಆಧಾರ ಸಿಗುತ್ತದೋ ಅಲ್ಲಿ ನೆನಪು, ಎಲ್ಲಿ ಸಿಗುವುದಿಲ್ಲವೋ ಅಲ್ಲಿ ಖಾಲಿ ಜಾಗ. ಇಂಗ್ಲಿಷ್ ಕೀಲಿಮಣೆಯನ್ನು ದೂಷಿಸುತ್ತಾ ಕೂರದೆ ಅದರೊಳಗೇ ಕನ್ನಡಕ್ಕೆ ಮನೆ ಕಟ್ಟಿದ ಕೆಲಸ ಅದು.

ಅಕ್ಷರಗಳಿಗೆ ಮನೆಯಾಯಿತು. ಇನ್ನು ಶೀರ್ಷಿಕೆ, ಪಟ್ಟಿಗಳಿಗೆ? ಮೊದಲು ಹೊಳೆಯುವ ಉಪಾಯ ಮೊದಲಕ್ಷರದ್ದು. ಪಟ್ಟಿಗೆ ಪ, ಅಂದರೆ ಕಂಟ್ರೋಲ್ ಮತ್ತು ಪಿ. ಆದರೆ ಅದು ಪ್ರಿಂಟ್ ಎಂದು ಎಲ್ಲ ಕಡೆ ನಿಗದಿಯಾಗಿದೆ. ಶಿಫ್ಟ್ ಸೇರಿಸೋಣವೆಂದರೆ ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಅದು ಖಾಸಗಿ ಕಿಟಕಿ ತೆರೆಯುವ ಕೀಲಿ. ಶೀರ್ಷಿಕೆಗೆ ಎಸ್ ಎಂದರೆ ಅದು ಸೇವ್. ನೋಡಿ, ಒಂದು ಹೆಜ್ಜೆ ಇಟ್ಟಲ್ಲೆಲ್ಲ ಯಾರದೋ ಅಂಗಳ. ಇಂಗ್ಲಿಷಿನ ಮೊದಲಕ್ಷರವೂ ನಮ್ಮ ಮಕ್ಕಳಿಗೆ ಸಹಾಯ ಮಾಡುವುದಿಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ ಎಲ್ ಎಂದರೆ ಲಿಸ್ಟ್ ಎಂದು ತಾನಾಗಿ ಹೊಳೆಯಬೇಕೆಂದು ಬಯಸುವುದು ಸರಿಯಲ್ಲ.

ಅಂಕಿಗಳು ಮಾತ್ರ ಎಲ್ಲರ ಆಸ್ತಿ. ಒಂದನೆಯ ಹಂತದ ಶೀರ್ಷಿಕೆಗೆ 1, ಎರಡನೆಯದಕ್ಕೆ 2. ಇದಕ್ಕೆ ವಿವರಣೆಯೇ ಬೇಡ, ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಆದ್ದರಿಂದಲೇ ಮೂರು ದೊಡ್ಡ ಎಡಿಟರುಗಳು ಅಂಕಿಯನ್ನೇ ಹಿಡಿದಿವೆ. ಲಿಬ್ರೆಆಫೀಸಿನಲ್ಲಿ ಕಂಟ್ರೋಲ್ ಮತ್ತು 1 ಒತ್ತಿದರೆ ಮೊದಲ ಹಂತದ ಶೀರ್ಷಿಕೆ, ಕಂಟ್ರೋಲ್ ಮತ್ತು 0 ಒತ್ತಿದರೆ ಮತ್ತೆ ಸಾಮಾನ್ಯ ಬರಹ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಕಂಟ್ರೋಲ್, ಆಲ್ಟ್ ಎರಡನ್ನೂ ಹಿಡಿದು 1, 2, 3. ಗೂಗಲ್ ಡಾಕ್ಸ್‌ನಲ್ಲಿ ಹಾಗೆಯೇ 1ರಿಂದ 6ರವರೆಗೆ. ಡಾಕ್ಸ್ ಬ್ರೌಸರಿನೊಳಗೆ ನಡೆಯುತ್ತದೆ, ಅಲ್ಲಿ ಕಂಟ್ರೋಲ್ ಮತ್ತು 1 ಎಂದರೆ ಮೊದಲ ಟ್ಯಾಬಿಗೆ ಹೋಗು ಎಂದರ್ಥ. ಹಾಗಾಗಿ ಅಲ್ಲಿ ಆಲ್ಟ್ ಕೂಡ ಬೇಕಾಗುತ್ತದೆ.

ಅಂಕಿ ಆರಿಸಿದರೆ ಜಗಳ ಮುಗಿಯಿತೇ? ಇಲ್ಲ. ವಿಂಡೋಸಿನಲ್ಲಿ ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತುವುದೂ, ಬಲಬದಿಯ ಆಲ್ಟ್ ಜಿಆರ್ ಎಂಬ ಕೀಲಿ ಒತ್ತುವುದೂ ಒಂದೇ. ಅನೇಕ ಭಾಷೆಯವರು ತಮ್ಮ ವಿಶೇಷ ಅಕ್ಷರಗಳನ್ನು ಬರೆಯುವುದು ಅದರಿಂದ. ಪೋಲೆಂಡಿನವರಿಗೆ ಎಸ್ ಮೇಲೆ ಸಣ್ಣ ಗೀಟು ಇರುವ ಒಂದು ಅಕ್ಷರವಿದೆ, ಆಲ್ಟ್ ಜಿಆರ್ ಮತ್ತು ಎಸ್ ಒತ್ತಿದರೆ ಬರುತ್ತದೆ. ಮೀಡಿಯಂ ಎಂಬ ಬರಹದ ವ್ಯವಸ್ಥೆಯ ಎಡಿಟರಿನಲ್ಲಿ ಆ ಅಕ್ಷರ ಮಾತ್ರ ಮೂಡುತ್ತಲೇ ಇರಲಿಲ್ಲ. ಸೇವ್ ಮಾಡುವ ಕೀಲಿಯನ್ನು ತಡೆಯಲು ಬರೆದ ಸಾಲುಗಳು ಆ ಅಕ್ಷರವನ್ನೂ ತಡೆದು ಬಿಟ್ಟಿದ್ದವು. ಅಲ್ಲಿ ಕೆಲಸಕ್ಕಿದ್ದ ಪೋಲೆಂಡ್ ಮೂಲದ ವಿನ್ಯಾಸಕಾರ ಮಾರ್ಚಿನ್ ವಿಖಾರಿ 2015ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ.

ಪೋಲೆಂಡಿನ ಕಥೆ ನಮಗೂ ತಾಗುತ್ತದೆ. 2010ರ ಜುಲೈಯಲ್ಲಿ ನಮ್ಮ ರೂಪಾಯಿಗೆ ಹೊಸ ಚಿಹ್ನೆ ಬಂತು. ವಿಂಡೋಸಿನ ಭಾರತೀಯ ಇಂಗ್ಲಿಷ್ ಕೀಲಿಮಣೆಯಲ್ಲಿ ಅದನ್ನು ಬರೆಯುವುದು ಆಲ್ಟ್ ಜಿಆರ್ ಮತ್ತು 4ರಿಂದ. ನಾಲ್ಕನೆಯ ಹಂತದ ಶೀರ್ಷಿಕೆಯೂ ಅದೇ ಕೀಲಿಗಳ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಎಡಿಟರ್ ಮಾಡಿದವರು ಎಚ್ಚರ ವಹಿಸದಿದ್ದರೆ ಒಂದು ಇನ್ನೊಂದನ್ನು ನುಂಗುತ್ತದೆ. ಜಮಾಖರ್ಚು ಬರೆಯುವವರಿಗೆ ರೂಪಾಯಿ ಚಿಹ್ನೆ ದಿನವೂ ಬೇಕು, ನಾಲ್ಕನೆಯ ಹಂತದ ಶೀರ್ಷಿಕೆ ವರ್ಷಕ್ಕೊಮ್ಮೆ ಬೇಕಾದರೆ ಹೆಚ್ಚು. ವರ್ಡ್ ಮೂರಕ್ಕೇ ನಿಲ್ಲಿಸಿದ್ದು ನಮ್ಮ ಮಟ್ಟಿಗೆ ಒಳ್ಳೆಯದೇ ಆಯಿತು.

ಕಂಟ್ರೋಲ್ ಮತ್ತು ಶಿಫ್ಟ್ ಜೋಡಿಯನ್ನು ಹಿಡಿದರೆ ಇನ್ನೊಂದು ತೊಡಕು. ರಾಜ್‌ಕುಮಾರ್ ಎಂದು ಬರೆಯುವಾಗ ಜ್ ಅಕ್ಷರಕ್ಕೆ ಕ ಒತ್ತಾಗಿ ಅಂಟಬಾರದು. ಅದಕ್ಕೆ ಇಬ್ಬರ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಬೇಕು. ವಿಂಡೋಸಿನ ಭಾರತೀಯ ಕೀಲಿಮಣೆಗಳಲ್ಲಿ ಅದು ಇರುವುದು ಕಂಟ್ರೋಲ್, ಶಿಫ್ಟ್ ಮತ್ತು 2ರಲ್ಲಿ. ಹಾಗೆ ಕೂಡಿಸುವ ಚಿಹ್ನೆ 1ರಲ್ಲಿ. ಇದನ್ನು ತಿಳಿಯದ ಎಡಿಟರ್ ಆ ಜಾಗವನ್ನು ಪಟ್ಟಿಗೆ ಕೊಟ್ಟರೆ ಕನ್ನಡದ ಹೆಸರುಗಳೇ ಕೆಡುತ್ತವೆ. ಗೂಗಲ್ ಡಾಕ್ಸ್ ಸಂಖ್ಯೆಯ ಪಟ್ಟಿಗೆ 7, ಚುಕ್ಕಿಯ ಪಟ್ಟಿಗೆ 8 ಬಳಸುತ್ತದೆ, ಆದ್ದರಿಂದ ನಾವು ಬಚಾವು.

ಕೆಲವು ಎಡಿಟರುಗಳು ಶಾರ್ಟ್‌ಕಟ್ ಬೇಡ, ಚಿಹ್ನೆ ಟೈಪು ಮಾಡಿ ಸಾಕು ಎನ್ನುತ್ತವೆ. ಸಾಲಿನ ಆರಂಭದಲ್ಲಿ ಹ್ಯಾಶ್ ಹಾಕಿದರೆ ಶೀರ್ಷಿಕೆ, ನಕ್ಷತ್ರ ಹಾಕಿದರೆ ಚುಕ್ಕಿಯ ಪಟ್ಟಿ, 1 ಬರೆದು ಬಿಂದು ಇಟ್ಟರೆ ಸಂಖ್ಯೆಯ ಪಟ್ಟಿ. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಪದ್ಧತಿ ಇದು. ಬಹಳ ಸರಳ. ಆದರೆ ಕೇಂದ್ರ ಸರಕಾರದ ಮಾನದಂಡವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು 3 ಒತ್ತಿದರೆ ಹ್ಯಾಶ್ ಬರುವುದಿಲ್ಲ, ರ ಅಕ್ಷರದ ಒತ್ತು ಬರುತ್ತದೆ. 8 ಒತ್ತಿದರೆ ನಕ್ಷತ್ರದ ಬದಲು ಶ್ರ ಬರುತ್ತದೆ. ಒಂದು ಶೀರ್ಷಿಕೆಗಾಗಿ ಕನ್ನಡದಿಂದ ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಬರಬೇಕು. ಇನ್ನು ಕನ್ನಡ ಅಂಕಿಯಲ್ಲಿ ೧ ಬರೆದು ಬಿಂದು ಇಟ್ಟರೆ ಮಾರ್ಕ್‌ಡೌನಿನ ಪ್ರಮಾಣಿತ ನಿಯಮದ ಪ್ರಕಾರ ಅದು ಪಟ್ಟಿಯೇ ಅಲ್ಲ, 0ಯಿಂದ 9ರವರೆಗಿನ ಇಂಗ್ಲಿಷ್ ಅಂಕಿಗಳಿಗೆ ಮಾತ್ರ ಅಲ್ಲಿ ಮಾನ್ಯತೆ. ಯಾರೂ ದ್ವೇಷದಿಂದ ಹೀಗೆ ಮಾಡಿದ್ದಲ್ಲ. ನಿಯಮ ಬರೆಯುವಾಗ ಆ ಕೋಣೆಯಲ್ಲಿ ೧ ಎಂದು ಬರೆಯುವವರು ಇರಲಿಲ್ಲ, ಅಷ್ಟೇ.

ಇಷ್ಟನ್ನೂ ನೋಡಿದ ಮೇಲೆ ನನಗೆ ತೋಚುವ ಕೆಲವು ಸೂತ್ರಗಳನ್ನು ಹೇಳುತ್ತೇನೆ.

ಒಂದು, ಶೀರ್ಷಿಕೆಗೆ ಅಂಕಿಯೇ ಇರಲಿ, ಮೂರು ಹಂತಕ್ಕೆ ನಿಲ್ಲಲಿ. ಸಾಮಾನ್ಯ ಬರಹಕ್ಕೆ ಮರಳಲು ಸೊನ್ನೆ ಇರಲಿ.

ಎರಡು, ಹೋದ ದಾರಿಯಲ್ಲೇ ಹಿಂದಿರುಗಲು ಬರಬೇಕು. ಪಟ್ಟಿಯ ಕೀಲಿಯನ್ನು ಮತ್ತೊಮ್ಮೆ ಒತ್ತಿದರೆ ಪಟ್ಟಿ ಹೋಗಬೇಕು. ಖಾಲಿ ಸಾಲಿನಲ್ಲಿ ಎಂಟರ್ ಒತ್ತಿದರೆ ಪಟ್ಟಿ ಮುಗಿಯಬೇಕು. ತಪ್ಪಿದರೆ ಕೆಡುವುದಿಲ್ಲ ಎಂಬ ಧೈರ್ಯ ಇದ್ದರೆ ಮಾತ್ರ ಹೊಸಬರು ಕೀಲಿ ಒತ್ತುತ್ತಾರೆ.

ಮೂರು, ಕೀಲಿಮಣೆ ಕನ್ನಡದಲ್ಲಿರುವಾಗಲೂ ಶಾರ್ಟ್‌ಕಟ್ ಕೆಲಸ ಮಾಡಬೇಕು. ಒಂದು ಗುಂಡಿ ಒತ್ತಿದಾಗ ಯಾವ ಗುಂಡಿ, ಯಾವ ಅಕ್ಷರ ಎಂಬ ಎರಡು ಸುದ್ದಿ ಕಂಪ್ಯೂಟರಿಗೆ ಹೋಗುತ್ತವೆ. ಇನ್‌ಸ್ಕ್ರಿಪ್ಟಿನಲ್ಲಿ ಬಿ ಗುಂಡಿಯಿಂದ ವ ಬರುತ್ತದೆ. ಅಕ್ಷರವನ್ನಷ್ಟೇ ನೋಡುವ ಎಡಿಟರಿಗೆ ಆಗ ಬಿ ಕಾಣುವುದೇ ಇಲ್ಲ. ಗುಂಡಿಯನ್ನೂ ನೋಡಬೇಕು.

ನಾಲ್ಕು, ಅಕ್ಷರ ಬರೆಯುವ ಕೀಲಿಯನ್ನು ಶಾರ್ಟ್‌ಕಟ್ ಕಸಿದುಕೊಳ್ಳಬಾರದು. ಬರೆಯುವುದು ಮೊದಲು, ಅಲಂಕಾರ ಆಮೇಲೆ.

ಐದು, ೧ ಎಂದು ಬರೆದರೂ ಪಟ್ಟಿಯಾಗಬೇಕು.

ಈಗ ಎಲ್ಲರೂ ಮೊಬೈಲಿನಲ್ಲೇ ಬರೆಯುತ್ತಾರೆ, ಅದರಲ್ಲಿ ಕಂಟ್ರೋಲ್ ಕೀಲಿಯೇ ಇಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಪಂಚಾಯತಿನ ನಡವಳಿ, ಶಾಲೆಯ ಪ್ರಶ್ನೆಪತ್ರಿಕೆ, ಕೋರ್ಟಿನ ಅರ್ಜಿ, ಪುಸ್ತಕದ ಪುಟವಿನ್ಯಾಸ ಇವೆಲ್ಲ ಇಂದಿಗೂ ಕೀಲಿಮಣೆಯಲ್ಲೇ ಆಗುತ್ತಿವೆ. ಆ ಕೆಲಸ ಮಾಡುವವರಲ್ಲಿ ನಮ್ಮಂಥ ಊರಿನ ಹೆಣ್ಣುಮಕ್ಕಳು, ಗಂಡುಮಕ್ಕಳು ಬಹಳ ಮಂದಿ ಇದ್ದಾರೆ. ದಿನಕ್ಕೆ ನೂರು ಬಾರಿ ಮಾಡುವ ಕೆಲಸದಲ್ಲಿ ಮೌಸಿಗೆ ಕೈ ಹೋಗುವುದು ತಪ್ಪಿದರೆ ಸಂಜೆಗೆ ಅವರ ಭುಜಕ್ಕೆ ಅದರ ಬೆಲೆ ಗೊತ್ತಾಗುತ್ತದೆ.

ಕೊನೆಯದಾಗಿ ಶಾಲೆಗೆ ಒಂದು ವಿನಂತಿ. ಲಿಬ್ರೆಆಫೀಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಯಾವ ಕೀಲಿಗೆ ಯಾವ ಕೆಲಸ ಎಂದು ನಾವೇ ಬದಲಿಸಿಕೊಳ್ಳಬಹುದು. ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ವಾರ ಈ ಕೆಲಸ ಕೊಡಿ. ಒಬ್ಬರು ಕನ್ನಡದಲ್ಲಿ ಪ್ರಬಂಧ ಟೈಪು ಮಾಡಲಿ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಕೈ ಎಲ್ಲಿ ತಡವರಿಸುತ್ತದೆ, ಎಷ್ಟು ಸಲ ಮೌಸಿಗೆ ಹೋಗುತ್ತದೆ, ಎಷ್ಟು ಸಲ ಇಂಗ್ಲಿಷಿಗೆ ಬದಲಿಸಬೇಕಾಗುತ್ತದೆ ಎಂದು ಬರೆದುಕೊಳ್ಳಲಿ. ಆಮೇಲೆ ಇಬ್ಬರೂ ಸೇರಿ ಕೀಲಿ ಆರಿಸಲಿ. ಪರದೆ ಆರಿಸಿ, ಎನ್‌ವಿಡಿಎ ಹಾಕಿ, ತಾವು ಬರೆದ ಪ್ರಬಂಧವನ್ನು ಕಿವಿಯಿಂದಲೇ ಹುಡುಕಿ ನೋಡಲಿ. ಯಾವ ದೊಡ್ಡ ಕಂಪೆನಿಯ ವಿನ್ಯಾಸಕಾರರೂ ಮಾಡುವುದು ಹೆಚ್ಚುಕಡಿಮೆ ಇದನ್ನೇ.

ಮಕ್ಕಳೇ, ನಿಮಗೆ ಹೇಳುವುದು ಇಷ್ಟೇ. ಕೀಲಿಮಣೆಯ ಮೇಲೆ ಇಂಗ್ಲಿಷ್ ಅಕ್ಷರ ಅಚ್ಚಾಗಿದೆ ಎಂದು ಅದು ಬೇರೆಯವರದ್ದು ಎಂದುಕೊಳ್ಳಬೇಡಿ. ಕ್ಯೂ ಕೀಲಿಯಲ್ಲಿ ಟ ಬರಬಹುದು ಎಂದು ಒಬ್ಬರು ಯೋಚಿಸಿದ್ದರಿಂದ ಇಂದು ಸಾವಿರಾರು ಮಂದಿ ಕನ್ನಡ ಬರೆಯುತ್ತಿದ್ದಾರೆ. ಇನ್ನೂ ತೀರ್ಮಾನವಾಗದ ಕೀಲಿಗಳು ಬಹಳ ಉಳಿದಿವೆ. ಅವುಗಳನ್ನು ತೀರ್ಮಾನಿಸುವ ಕೋಣೆಯಲ್ಲಿ ೧ ಎಂದು ಬರೆಯುವವರೊಬ್ಬರು ಇರಬೇಕು. ಅದು ನಿಮ್ಮಲ್ಲೊಬ್ಬರು ಯಾಕಾಗಬಾರದು?